ನೆಲಕ್ಕೆ ಹಾಸಿದ ಬೀಸುಕಲ್ಲು

ಸಾಗರದ ಹತ್ತಿರ ನನ್ನದೊಂದು ಹಿಟ್ಟಿನ ಗಿರಣಿ. ಒಂದು ಕಡೆ ಅಕ್ಕಿ, ಗೋಧಿ. ಇನ್ನೊಂದು ಕಡೆ ಖಾರದಪುಡಿ. ಮಳೆಗಾಲದಲ್ಲಿ ಕರೆಂಟು ಹೋದರೆ ಸುಮ್ನೆ ಕೂತು ಓದುತ್ತೇನೆ. ಮೊನ್ನೆ ಇಂಗ್ಲೆಂಡಿನ ಹಳೇ ಕಾಲದ ಗಿರಣಿಗಳ ವಿಷಯ ಸಿಕ್ಕಿತು.

ನನ್ನ ಗಿರಾಕಿಗಳು ಡಬ್ಬ ಎತ್ತಿ ನೋಡಿ "ಹಿಟ್ಟು ಕಮ್ಮಿ ಬಂದಂಗಿದೆ" ಅನ್ನದೆ ಹೋಗುವುದಿಲ್ಲ. ಕಲ್ಲಿನ ಸಂದಿಯಲ್ಲಿ ಒಂದು ಹಿಡಿ, ನನ್ನ ಹುಬ್ಬಿನ ಮೇಲೆ ಒಂದು ಚಿಟಿಕೆ, ಅಷ್ಟೇ ಮಾರಾಯ್ರೆ! ಅಲ್ಲಿಯಾದರೆ ಕಮ್ಮಿ ಬರುವುದೇ ಕಾನೂನು. ನೀರಿನ ಗಿರಣಿ ಒಡೆಯನದು. ಅವನ ಜಮೀನಿಗೆ ಕಟ್ಟುಬಿದ್ದ ರೈತ ಅಲ್ಲೇ ಬೀಸಿಸಬೇಕು. ಕೂಲಿಗೆ ಕಾಳಿನದೇ ಪಾಲು, ಕೆಲವು ಕಡೆ 16ಕ್ಕೆ 1. ರಾಜ ವಿಲಿಯಂ 1086ರಲ್ಲಿ ಬರೆಸಿದ ಡೂಮ್ಸ್‌ಡೇ ಲೆಕ್ಕದಲ್ಲೇ ಸುಮಾರು 6,000 ಗಿರಣಿಗಳಿದ್ದವು.

ಮನೆಯಲ್ಲೇ ಬೀಸಿಕೊಂಡರೆ ಒಡೆಯನಿಗೆ ನಷ್ಟ ಅಲ್ವಾ? ಸೇಂಟ್ ಆಲ್ಬನ್ಸ್ ಊರಿನಲ್ಲಿ ಒಡೆಯ ಅಂದರೆ ಮಠ. ಅದರ ಮುಖ್ಯಸ್ಥ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ 1330ರ ಆಸುಪಾಸಿನಲ್ಲಿ ಊರವರ ಬೀಸುಕಲ್ಲುಗಳನ್ನೆಲ್ಲ ಕಸಿದುಕೊಂಡ. ಆಸಾಮಿ ದೊಡ್ಡ ಗಣಿತದವನು, ಗ್ರಹಗತಿ ತೋರಿಸುವ ಗಡಿಯಾರ ಮಾಡಿಸಿದವನು. ಬುದ್ಧಿಗೇನೂ ಕಮ್ಮಿ ಇರಲಿಲ್ಲ. ಆ ಕಲ್ಲುಗಳನ್ನು ಮಠದ ಪಡಸಾಲೆಗೆ ಹಾಸಿಸಿಬಿಟ್ಟ! ಊರವರು ಅಲ್ಲಿಗೆ ಹೋದಾಗ ಅಜ್ಜಿಯ ಕಲ್ಲನ್ನೇ ಮೆಟ್ಟಿ ನಿಲ್ಲಬೇಕು.

ಅವರು ಮರೆಯಲಿಲ್ಲ. 1381ರ ರೈತರ ದಂಗೆಯಲ್ಲಿ, ಅಂದರೆ 50 ವರ್ಷದ ಮೇಲೆ, ಮಠಕ್ಕೆ ನುಗ್ಗಿ ಆ ನೆಲ ಕಿತ್ತರು. ಕಲ್ಲುಗಳನ್ನು ಒಡೆದು, ಚೂರುಗಳನ್ನು ಚರ್ಚಿನ ಪ್ರಸಾದದ ರೊಟ್ಟಿ ಹಂಚಿದ ಹಾಗೆ ಹಂಚಿಕೊಂಡರು. ದಂಗೆಯೇನೋ ಸೋತಿತು. ಗಿರಣಿಯವನಾಗಿ ನಾನು ಅವರ ಕಡೆ ವಾಲಬಾರದು, ಆದರೂ ವಾಲಿದೆ.

ನಮ್ಮ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದೂ ಇಂಥದ್ದಕ್ಕೇ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಅಂತ. ಅಳತೆಯ ಸಿಟ್ಟು ಬೇಗ ಆರುವುದಿಲ್ಲ.

ಇಷ್ಟು ಓದಿದ ಮೇಲೆ ಬಚ್ಚಲಿನ ಹತ್ತಿರದ ಕಲ್ಲು ನೆನಪಾಯಿತು. ನಮ್ಮಜ್ಜಿಯ ಬೀಸುಕಲ್ಲು. ಕಾಲು ತೊಳೆಯಲು ನಾನೇ ಕವುಚಿ ಹಾಕಿಸಿದ್ದು. ಎಬ್ಬಿಸಿ ನೋಡಿದರೆ ಗೂಟದ ತೂತಿನಲ್ಲಿ ಮಣ್ಣು, ಎರಡು ಎರೆಹುಳ. ತೊಳೆದು ಗಿರಣಿಯ ಬಾಗಿಲಲ್ಲಿ ಇಟ್ಟೆ.

ಬೆಳಿಗ್ಗೆ ಬಂದ ಮೊದಲ ಗಿರಾಕಿ ಕೇಳಿದ್ದು: "ಏನು, ಮಿಷನ್ನು ಕೆಟ್ಟಿದೆಯಾ?"