“ಮಗ ಯಾರ ಜೊತೆಗೂ ಬೆರೆಯಲ್ಲ, ಯಾವ ಕೋರ್ಸಿಗೆ ಸೇರಿಸ್ಲಿ ಮೇಷ್ಟ್ರೇ?”

ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕರೂ ಪೋಷಕರು ನನ್ನನ್ನು ಕೇಳುವುದು ಇದನ್ನೇ. “ಮಾರ್ಕ್ಸಿಗೇನೂ ತೊಂದ್ರೆ ಇಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡಲ್ಲ, ಯಾರಾದ್ರೂ ಒಂದು ಮಾತಂದ್ರೆ ಸಿಡಿದು ಬೀಳ್ತಾನೆ.”

ಮಾರ್ಕ್ಸಿನ ಮಟ್ಟಿಗೆ ನಮ್ಮ ಹಾಸನದವರಿಗೆ ಹೆಮ್ಮೆ ಪಡಲು ಕಾರಣವಿದೆ. 2019ರ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ನನಗೂ ಖುಷಿಯಾಗಿತ್ತು. ಆದರೆ ಆಟದ ಪಿರಿಯಡ್ಡನ್ನು ಗಣಿತಕ್ಕೆ ಕಿತ್ತುಕೊಂಡವರಲ್ಲಿ ನಾನೂ ಇದ್ದೆ. ಅದು ತಪ್ಪೆಂದು ಈಗ ಅನ್ನಿಸುತ್ತದೆ.

ಕೋರ್ಸು ಬೇಡ. ಅವನು ಮಾಡದೆ ಹೋದರೆ ಇನ್ನೊಬ್ಬರಿಗೆ ಕಷ್ಟವಾಗುವಂಥ ಒಂದು ಕೆಲಸ ಒಪ್ಪಿಸಿ. ನನ್ನ ಉತ್ತರ ಅಷ್ಟೇ.

ಒಂದು ಕಾಫಿ ಕುಯ್ಲಿನ ಸಮಯ. ತೋಟದ ಕೆಲಸಗಾರರ ಲೈನ್ ಮನೆಗೆ ಅಸ್ಸಾಮಿನಿಂದ ಬಂದ ಕುಟುಂಬದ ಹುಡುಗ ನಮ್ಮ ಎಂಟನೇ ತರಗತಿಗೆ ಸೇರಿದ. ಕನ್ನಡ ಒಂದಕ್ಷರ ಬಾರದು. ಅದೇ ತರಗತಿಯಲ್ಲಿ ಓದಿನಲ್ಲಿ ಮುಂದಿದ್ದ, ಯಾರನ್ನೂ ಹತ್ತಿರ ಸೇರಿಸದ ಇನ್ನೊಬ್ಬನಿದ್ದ. ಬಿಸಿಯೂಟ ಬಡಿಸುವ ಪಾಳಿಯನ್ನು ಆ ತಿಂಗಳು ಇಬ್ಬರಿಗೂ ಸೇರಿಸಿ ಕೊಟ್ಟೆ. ಅನ್ನ ಇವನದು, ಸಾರು ಅಸ್ಸಾಮಿನ ಹುಡುಗನದು.

ಮೊದಲ ದಿನವೇ ಸಾರು ಸಾಲಲಿಲ್ಲ. ಕೊನೆ ಸಾಲಿನ ಹುಡುಗಿಯರು ಬರೀ ಅನ್ನದ ಮುಂದೆ ಕೂತಿದ್ದರು.

“ಹೇಳಿದ್ದು ಅವನಿಗೆ ಅರ್ಥಾನೇ ಆಗಲ್ಲ ಸಾರ್.”

“ನೀನು ಹೆಂಗೆ ಹೇಳ್ದೆ?”

ಸುಮ್ಮನಾದ. ಕನ್ನಡದಲ್ಲೇ ಇನ್ನಷ್ಟು ಜೋರಾಗಿ ಕೂಗಿದ್ದ, ಅಷ್ಟೇ. ಮರುದಿನ ಸೌಟು ಅರ್ಧ ತುಂಬಿ ತೋರಿಸಿದ, ಬೆರಳಲ್ಲಿ ಸಾಲು ಎಣಿಸಿದ. ಸಾರು ಎಲ್ಲರಿಗೂ ಬಂತು. ಅಸ್ಸಾಮಿಯಲ್ಲಿ ಅನ್ನಕ್ಕೆ ಭಾತ್ ಅನ್ನುತ್ತಾರೆಂದು ತಿಳಿದ ದಿನ “ಸಾರ್, ನಮ್ಮ ವಾಂಗೀಬಾತಿನ ಬಾತೇ ಇದು!” ಅಂತ ಓಡಿ ಬಂದ. ತಾನಾಗಿ ಬಂದು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹೇಳಿದ 10 ಜೀವನ ಕೌಶಲಗಳಲ್ಲಿ ಪರಾನುಭೂತಿ (ಇನ್ನೊಬ್ಬರ ಕಷ್ಟವನ್ನು ಅವರ ಜಾಗದಲ್ಲಿ ನಿಂತು ಅರಿಯುವುದು), ಸಂವಹನ, ಭಾವನೆಗಳ ನಿರ್ವಹಣೆ ಎಲ್ಲ ಇವೆ. ಬಿ.ಇಡಿಯಲ್ಲಿ ನಾನು ಬಾಯಿಪಾಠ ಮಾಡಿದ್ದನ್ನು ಆ ಹುಡುಗ ಸೌಟು ಹಿಡಿದು ಕಲಿತ.

ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಅವರಿಗೆ ಮುಯ್ಯಾಳು ಇತ್ತು. ನಾಟಿ ಬಂದರೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಮಾತಿಲ್ಲ. ಮಕ್ಕಳು ಸಸಿ ಕಟ್ಟು ಎಸೆಯುತ್ತಲೇ ಮಾತು ಉಳಿಸಿಕೊಳ್ಳುವುದನ್ನು ನೋಡುತ್ತಿದ್ದರು. ಎಷ್ಟೋ ಗದ್ದೆಗಳು ಈಗ ಬೀಳು ಬಿದ್ದಿವೆ. ಹಾಗಾಗಿ ಆ ಋಣದ ರುಚಿಯನ್ನು ಶಾಲೆಯಲ್ಲಿ, ಮನೆಯಲ್ಲಿ ನಾವೇ ತೋರಿಸಬೇಕು. ಪಂಚಾಯ್ತಿಯ ಮಕ್ಕಳ ಗ್ರಾಮಸಭೆಗೂ ತಪ್ಪದೆ ಕಳಿಸಿ. ತನ್ನೊಬ್ಬನ ಕಷ್ಟವನ್ನಲ್ಲದೆ ಇಡೀ ಕೇರಿಯ ಕಷ್ಟವನ್ನು ಹೇಳಲು ಅಲ್ಲಿ ಅವಕಾಶವಿದೆ.

ಒಂದು ಎಚ್ಚರಿಕೆ. ಮೊದಲು ಚೆನ್ನಾಗಿ ಮಾತಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ ಕೆಲಸ ಹೇರಬೇಡಿ. ಪಕ್ಕದಲ್ಲಿ ಕೂತು ಕೇಳಿ, ಬೇಕಾದರೆ ಡಾಕ್ಟರಿಗೆ ತೋರಿಸಿ.

ಮೊನ್ನೆ ಒಬ್ಬ ತಾಯಿಗೆ ಹೇಳಿದೆ, “ಅಜ್ಜಿ ಬಿಪಿ ಮಾತ್ರೆ ಮುಗಿಯೋದ್ರೊಳಗೆ ತರೋದು ಇನ್ಮೇಲೆ ಮಗನ ಕೆಲಸ ಅನ್ನಿ.”

“ಮರೆತುಬಿಟ್ರೆ ಮೇಷ್ಟ್ರೇ?”

“ನಾಲ್ಕು ದಿನದ ಮಾತ್ರೆ ನೀವು ಬೇರೆ ಎತ್ತಿಡಿ ಕಣಮ್ಮ. ಅವನಿಗೆ ಹೇಳ್ಬೇಡಿ.”