ದೊಡ್ಡ ಕೆ, ಸಣ್ಣ ಕೆ

“ದೊಡ್ಡೇಗೌಡರು ಬೇರೆ, ಸಣ್ಣೇಗೌಡರು ಬೇರೆ ಅಲ್ವಾ ಸಾರ್? ನಿಮ್ಮ ಕಂಪ್ಯೂಟರಿಗೆ ಇಬ್ಬರೂ ಒಂದೇನಾ?” ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ರೈಟರು ಮಂಗಳವಾರ ಕೇಳಿದ ಈ ಪ್ರಶ್ನೆ ಇನ್ನೂ ನನ್ನ ಕಿವಿ ಬಿಟ್ಟು ಹೋಗಿಲ್ಲ.

ಅಲ್ಲಿ ಬೆಳೆಗಾರರ ವಿವರಗಳು ಗ್ರಾಹಕರ ದಾಖಲೆ ಇಡುವ ತಂತ್ರಾಂಶವಾದ ಸೇಲ್ಸ್‌ಫೋರ್ಸ್‌ನಲ್ಲಿವೆ, ಗೋದಾಮಿನ ಮೂಟೆ ಲೆಕ್ಕ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿದೆ. ಪ್ರತಿ ರಾತ್ರಿ ಎರಡನ್ನೂ ತಾಳೆ ಹಾಕಿ, ಒಣಗಿಸಿದ ಕಾಫಿ ಹಣ್ಣಿನ, ಅಂದರೆ ಚೆರಿಯ, 50 ಕೆಜಿ ಮೂಟೆಗೆ ಎಷ್ಟು ಕೆಜಿ ಹಸನಾದ ಬೀಜ ಸಿಕ್ಕಿತು ಎಂಬ ಓಟಿಯನ್ನು ಆಯಾ ಬೆಳೆಗಾರರ ಫೋನಿಗೆ ಕಳಿಸುವ ಪೈಥಾನ್ ಪ್ರೋಗ್ರಾಂ ನಾನು ಬರೆದದ್ದು. ಈ ವಾರ ಒಬ್ಬರ ಓಟಿ ಅವರ ದಾಯಾದಿಯ ಫೋನಿಗೆ ಹೋಯಿತು. ಬೆಲೆ ನಿಲ್ಲುವುದೇ ಓಟಿಯ ಮೇಲಾದ್ದರಿಂದ, ಅದನ್ನು ದಾಯಾದಿಗೆ ತೋರಿಸುವುದೂ ಬ್ಯಾಂಕ್ ಪಾಸ್‌ಬುಕ್ ತೋರಿಸುವುದೂ ಒಂದೇ.

ತಪ್ಪು ಪೂರ್ತಿ ನನ್ನದು. ಸೇಲ್ಸ್‌ಫೋರ್ಸ್‌ನ ರಿಪೋರ್ಟಿನಿಂದ ಇಳಿಸಿಕೊಂಡ ಬೆಳೆಗಾರರ ಐಡಿಗಳಿಗೆ, ಅಂದರೆ ಗುರುತಿನ ಸಂಕೇತಗಳಿಗೆ, 15 ಅಕ್ಷರ; ಪ್ರೋಗ್ರಾಂಗಳು ನೇರವಾಗಿ ಮಾಹಿತಿ ಪಡೆಯುವ ದಾರಿಯಾದ ಎಪಿಐ ಕೊಡುವ ಐಡಿಗೆ 18. ಎರಡೂ ಹೊಂದಲೆಂದು ಕೊನೆಯ ಮೂರನ್ನು ಕತ್ತರಿಸುವ ಒಂದು ಸಾಲನ್ನು, ಜಾಣತನವೆಂದೇ ಭಾವಿಸಿ, ಸೇರಿಸಿದ್ದೆ. ಮೊದಲ 15ರಲ್ಲಿ ಯಾವುದು ದೊಡ್ಡಕ್ಷರ, ಯಾವುದು ಸಣ್ಣಕ್ಷರ ಎಂದು ಗುರುತಿಟ್ಟುಕೊಳ್ಳುವುದೇ ಆ ಮೂರು ಅಕ್ಷರಗಳ ಕೆಲಸ. ಕತ್ತರಿಸಿದ ಮೇಲೆ ಈ ಇಬ್ಬರ ಐಡಿಗಳಲ್ಲಿ ಉಳಿದ ವ್ಯತ್ಯಾಸ ಒಂದೇ: ಕೊನೆಯಲ್ಲಿ ಒಬ್ಬರಿಗೆ ದೊಡ್ಡ ಕೆ, ಇನ್ನೊಬ್ಬರಿಗೆ ಸಣ್ಣ ಕೆ. ವಿಶೇಷವಾಗಿ ಹೇಳದ ಹೊರತು ಮೈಎಸ್‌ಕ್ಯೂಎಲ್ ಈ ಭೇದವನ್ನು ಎಣಿಸುವುದಿಲ್ಲ. ಐಡಿ ಮೊದಲೇ ಇದ್ದರೆ ವಿವರ ಬದಲಿಸು ಎಂದು ನಾನೇ ಬರೆದಿದ್ದರಿಂದ, ಅದು ತಕರಾರಿಲ್ಲದೆ ಒಬ್ಬರ ನಂಬರಿನ ಮೇಲೆ ಇನ್ನೊಬ್ಬರದನ್ನು ಕೂರಿಸಿತು.

ಇದನ್ನು ವಿವರಿಸಿದಾಗಲೇ ರೈಟರು ಹಾಗೆ ಕೇಳಿದ್ದು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೂ ಉದ್ದನೆಯ ಲೆಡ್ಜರ್ ಬಿಡದ ಅವರನ್ನು ಕಂಡು ಒಳಗೊಳಗೇ ನಕ್ಕಿದ್ದವನು ನಾನು. ಆ ಲೆಡ್ಜರಿನಲ್ಲಿ ಇಬ್ಬರ ಹೆಸರಿನ ಮುಂದೆಯೂ ತಂದೆಯ ಹೆಸರು, ಅದರಾಚೆ ಕೆಂಪು ಶಾಯಿಯಲ್ಲಿ ‘ಮೇಲಿನ ತೋಟ’, ‘ಕೆಳಗಿನ ತೋಟ’ ಎಂದಿತ್ತು. ನಾನು ಬೇಡವೆಂದು ಕತ್ತರಿಸಿದ ಮೂರಕ್ಷರದ ಕೆಲಸವನ್ನು ಅಲ್ಲಿ ಆ ಕೆಂಪು ಶಾಯಿ ಮಾಡುತ್ತಿತ್ತು.

ರಾತ್ರಿಯೇ 18 ಅಕ್ಷರಗಳನ್ನೂ ಉಳಿಸಿಕೊಳ್ಳುವಂತೆ ತಿದ್ದಿ, ಆ ಕಾಲಮ್ಮಿಗೆ ಅಕ್ಷರಭೇದ ಎಣಿಸುವ ಕೊಲೇಶನ್, ಅಂದರೆ ಅಕ್ಷರ ಹೋಲಿಸುವ ನಿಯಮ, ಕೊಟ್ಟೆ. ಬೆಳಗ್ಗೆ, ಯಾರ ಓಟಿ ದಾಯಾದಿಗೆ ಹೋಗಿತ್ತೋ ಆ ಬೆಳೆಗಾರರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಕೊಂಚ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದರು: “ಆಯ್ತು ಬಿಡಿ, ಆಗಿದ್ದು ಆಯ್ತು. ಅವನಿಗೆ ಎಷ್ಟು ಬಂತು ಓಟಿ?”