ಮೂರು ಭಾನುವಾರ ಕಾಯುವ ಪ್ರೀತಿ

ಕಳೆದ ಭಾನುವಾರ ಪೂರ್ತಿ ಒಂದೇ ಕಾದಂಬರಿಯಲ್ಲಿ ಕಳೆಯಿತು. ಕಾಲ 1816, ದಕ್ಷಿಣ ಇಂಗ್ಲೆಂಡಿನ ಒಂದು ಹಳ್ಳಿ. ಅವನು ಚರ್ಚಿನ ಕ್ಯೂರೇಟ್, ಅಂದರೆ ಕೆಳದರ್ಜೆಯ ಪಾದ್ರಿ; ಅವಳು ತೀರಿಹೋದ ಅಂಗಡಿಕಾರನ ಮಗಳು. ಮುನ್ನೂರು ಪುಟದವರೆಗೆ ಅವನು ಅವಳ ಕೈ ಹಿಡಿದದ್ದು ಒಂದೇ ಸಲ, ಕೆಸರು ದಾಟಿಸಲು. ಆದರೂ ಊಟಕ್ಕೇಳುವುದು ಕಷ್ಟವಾಯಿತು. ಈ ಬಗೆಯ ಸೌಮ್ಯ ಕ್ರೈಸ್ತ ಪ್ರೇಮಕಥೆಗಳ ಸೆಳೆತವೆಲ್ಲ ಆ ಊರಿನ ಕಟ್ಟುಪಾಡುಗಳಲ್ಲಿದೆ. ಲೇಖಕಿ ಅವನ್ನು ಸರಿಯಾಗಿ ಬಲ್ಲವಳಾದರೆ ಒಂದು ನೋಟಕ್ಕೂ ತೂಕ ಬರುತ್ತದೆ.

ಮೊದಲು ದುಡ್ಡಿನ ಲೆಕ್ಕ ನೋಡಿ. ಊರ ಚರ್ಚಿನ ಹೊಣೆ ಹೊತ್ತ ಪಾದ್ರಿ ರೆಕ್ಟರ್ ಆಗಿದ್ದರೆ ಊರಿನ ದಶಮಾಂಶವೆಲ್ಲ, ಅಂದರೆ ಹುಟ್ಟುವಳಿಯ ಹತ್ತನೇ ಒಂದು ಪಾಲು, ಅವನಿಗೆ ಸೇರುತ್ತಿತ್ತು; ವಿಕಾರ್ ಆಗಿದ್ದರೆ ಅದರಲ್ಲಿ ಚಿಕ್ಕ ಪಾಲು. ಕ್ಯೂರೇಟ್ ಅವರ ಬದಲಿಗೆ ದುಡಿಯುವ ಸಂಬಳದವನು. ವರ್ಷಕ್ಕೆ 50 ಪೌಂಡಿನ ಆಸುಪಾಸಿನಲ್ಲಿ ಬದುಕುವವರು ಬೇಕಾದಷ್ಟಿದ್ದರು. ಸ್ವಂತ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರು, ಸಿಗದೆ ಸಂಸಾರ ಹೂಡುವುದು ಕಷ್ಟ, ಪ್ಯಾರಿಷ್ ಕೊಡುವ ಹಕ್ಕು ಎಷ್ಟೋ ಕಡೆ ಜಮೀನುದಾರನ ಕೈಯಲ್ಲಿ. ಹಾಗಾಗಿ ಜಮೀನುದಾರನ ಮನೆಯ ಒಂದು ರಾತ್ರಿಯೂಟದಲ್ಲಿ ಕ್ಯೂರೇಟ್ ಆಡುವ ಮಾತಿನ ಮೇಲೆ ಅವನ ಮದುವೆಯೇ ನಿಂತಿರುತ್ತದೆ.

ಕಾಗದದ ವಿಷಯವೂ ಹೀಗೆಯೇ. 1840ರ ಜನವರಿಯಲ್ಲಿ ಒಂದು ಪೆನ್ನಿಯ ಅಂಚೆ ಬರುವವರೆಗೆ ಸಾಮಾನ್ಯವಾಗಿ ಹಣ ಕೊಡಬೇಕಾದವರು ಕಾಗದ ಪಡೆದವರು. 1812ರ ದರದಲ್ಲಿ 15 ಮೈಲಿಯೊಳಗೆ 4 ಪೆನ್ನಿ, ದೂರ ಹೆಚ್ಚಿದಂತೆ ದರವೂ ಹೆಚ್ಚು, ಎರಡು ಹಾಳೆಯಾದರೆ ಎರಡರಷ್ಟು. ಲಕೋಟೆಯೂ ಒಂದು ಹಾಳೆಯ ಲೆಕ್ಕವೇ ಆದ್ದರಿಂದ ಹಾಳೆಯನ್ನೇ ಮಡಚಿ ಅರಗಿನ ಮುದ್ರೆ ಒತ್ತುತ್ತಿದ್ದರು. ಜಾಗ ಸಾಲದಾದರೆ ಬರೆದದ್ದರ ಮೇಲೆಯೇ ಅಡ್ಡಲಾಗಿ ಮತ್ತೆ ಬರೆಯುತ್ತಿದ್ದರು. ನಿಶ್ಚಯವಾಗದ ಹುಡುಗ ಹುಡುಗಿಯ ನಡುವೆ ಕಾಗದ ಓಡಾಡಿದರೆ ಮದುವೆಗೆ ಮಾತಾಗಿದೆ ಎಂದೇ ಊರು ಅಂದುಕೊಳ್ಳುತ್ತಿತ್ತು. ಈ ನಾಯಕಿ ಕಾಸು ಎಣಿಸಿ ಕಾಗದ ಬಿಡಿಸಿಕೊಳ್ಳುವಾಗ ಅಂಚೆಯವಳ ಕಣ್ಣನ್ನೂ ಎದುರಿಸಬೇಕಾಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಬ್ಯಾನ್ಸ್, ಅಂದರೆ ಮದುವೆಯಾಗುವ ಜೋಡಿಯ ಹೆಸರನ್ನು ಚರ್ಚಿನಲ್ಲಿ ಸಾರುವ ಪ್ರಕಟಣೆ, ಓದುವ ಅಧ್ಯಾಯ ಬಂತು. ಇದಕ್ಕಾಗಿಯೇ ನಾನು ಇಂಥ ಪುಸ್ತಕ ಹುಡುಕಿಕೊಂಡು ಹೋಗುವುದು. 1754ರ ಮಾರ್ಚ್ 25ರಂದು ಜಾರಿಗೆ ಬಂದ ಹಾರ್ಡ್‌ವಿಕ್ ಕಾಯಿದೆಯ ಪ್ರಕಾರ ಮದುವೆಗೆ ಎರಡೇ ದಾರಿ: ಚರ್ಚಿನ ಅಧಿಕಾರಿಗಳು ಕೊಡುವ ಲೈಸೆನ್ಸ್, ಇಲ್ಲವೇ ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಓದಿಸುವುದು. ಇಬ್ಬರ ಪ್ಯಾರಿಷ್ ಬೇರೆಯಾದರೆ ಎರಡೂ ಕಡೆ ಓದಬೇಕು. ವಯಸ್ಸು 21 ತುಂಬದಿದ್ದರೆ ತಂದೆ ಎದ್ದುನಿಂತು ಬೇಡ ಎಂದರೆ ಸಾಕು, ಓದಿದ್ದು ರದ್ದು. ಪ್ರತಿ ಸಲವೂ, ಅಡ್ಡಿ ಗೊತ್ತಿದ್ದವರು ಈಗಲೇ ಹೇಳಿ ಎಂದು ಕೇಳಿ, ಇದು ಎಷ್ಟನೆಯ ಸಲ ಎಂದೂ ಸಾರುತ್ತಾರೆ. ಆಮೇಲಿನ ಆ ಮೌನದಲ್ಲಿ ಇಡೀ ಊರಿದೆ. ಎತ್ತರದ ಮರದ ಗೋಡೆಯ ಪ್ಯೂಗಳಲ್ಲಿ, ಅಂದರೆ ಚರ್ಚಿನ ಆಸನಗಳಲ್ಲಿ, ಕೂತವರು ಒಬ್ಬರಿಗೊಬ್ಬರು ಕಾಣುವುದಿಲ್ಲ, ಬಟ್ಟೆ ಸರಪರ ಎಂದದ್ದು ಮಾತ್ರ ಕೇಳುತ್ತದೆ. ತಮ್ಮ ಬ್ಯಾನ್ಸ್ ತಾವೇ ಕೇಳುವುದು ಅಶುಭ ಎಂಬ ನಂಬಿಕೆ ಕೆಲವೆಡೆ ಇತ್ತು. ಈ ನಾಯಕಿ ಎರಡನೇ ವಾರ ಮನೆಯಲ್ಲೇ ಉಳಿದು ಗಂಟೆಯ ಸದ್ದು ಎಣಿಸುತ್ತಾಳೆ. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ), ಕಥೋಲಿಕ ಚರ್ಚುಗಳಲ್ಲೂ ಮದುವೆಗೆ ಮುಂಚೆ ಜೋಡಿಯ ಹೆಸರು ಓದುವ ಪದ್ಧತಿ ಇದೆ. ಆ ಬೆಂಚಿನಲ್ಲಿ ಕೂತವರಿಗೆ ಈ ಎದೆಬಡಿತವನ್ನು ವಿವರಿಸಬೇಕಿಲ್ಲ.

ಇಂಥ ಕಥೆಗಳು ಕೆಡುವುದೂ ಇಲ್ಲೇ. ಅವಸರಕ್ಕೆಂದು ನಾಯಕನ ಜೇಬಿನಿಂದ ಸ್ಪೆಷಲ್ ಲೈಸೆನ್ಸ್ ತೆಗೆಸುವ ಲೇಖಕರಿದ್ದಾರೆ. ಬ್ಯಾನ್ಸ್ ಇಲ್ಲದೆಯೇ ಮದುವೆಗೆ ಬಿಡುವ ಆ ವಿಶೇಷ ಪರವಾನಗಿ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ಪರ ಕಡೆಯಿಂದ ಬರಬೇಕಾದದ್ದು, ಬಡ ಕ್ಯೂರೇಟನಿಗೆ ಎಟುಕುವಂಥದ್ದಲ್ಲ. ಸಂಜೆ ದೀಪದ ಬೆಳಕಲ್ಲಿ ಹಳ್ಳಿ ಚರ್ಚಿನ ಮದುವೆ ಮಾಡಿಸುತ್ತಾರೆ. ಆಗಿನ ನಿಯಮ ಬೆಳಿಗ್ಗೆ 8ರಿಂದ 12, ಮಧ್ಯಾಹ್ನ 3ರವರೆಗೆ ಬಿಟ್ಟದ್ದು 1886ರಲ್ಲಿ. ಚರ್ಚಿನ ತುಂಬ ತೆನೆ, ಕುಂಬಳಕಾಯಿ ಇಟ್ಟು ಸುಗ್ಗಿಯ ಆರಾಧನೆಯನ್ನೂ ಬರೆಯುತ್ತಾರೆ. ಆ ಪದ್ಧತಿಗೆ ನಾಂದಿ ಹಾಡಿದ್ದು 1843ರಲ್ಲಿ, ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋದ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್. 1816ರಲ್ಲಿ ಇದ್ದದ್ದು ರೈತನ ಮನೆಯ ಸುಗ್ಗಿಯೂಟ. ಇವು ಸಣ್ಣ ತಪ್ಪುಗಳಲ್ಲ. ಕಾಯಬೇಕಾದದ್ದು ಕಾಯದೆ ಸಿಕ್ಕಿಬಿಟ್ಟರೆ ಕಥೆಯ ನರವೇ ಕಡಿದಂತೆ.

ಭಕ್ತಿಯ ಭಾಗ ಬರೆಯುವುದು ಇನ್ನೂ ಕಷ್ಟ. ಮೂರು ಪುಟ ಉಪದೇಶ ಹಾಕಿ ಒಂದೇ ರಾತ್ರಿಯಲ್ಲಿ ಪಾತ್ರವನ್ನು ಬದಲಾಯಿಸಿದರೆ ನಂಬಿಕೆಯುಳ್ಳ ಓದುಗರೂ ಪುಟ ಹಾರಿಸುತ್ತಾರೆ. ನನ್ನ ಕೈಲಿದ್ದ ಕಾದಂಬರಿಯಲ್ಲಿ ಲೇಖಕಿ 1662ರ ಪ್ರಾರ್ಥನಾ ಪುಸ್ತಕವನ್ನೇ ನೆಚ್ಚಿದ್ದಳು. ಬೆಳಗಿನ ಆರಾಧನೆಯಲ್ಲಿ ಊರೆಲ್ಲ ಒಟ್ಟಿಗೆ ಹೇಳುವ ಪಾಪನಿವೇದನೆಯಿದೆ: ಮಾಡಬೇಕಾದದ್ದನ್ನು ಮಾಡದೆ ಬಿಟ್ಟಿದ್ದೇವೆ ಎಂದು. ತನ್ನ ಸಾಲದ ಸಂಗತಿ ಅವಳಿಗೆ ಹೇಳದೆ ಮುಚ್ಚಿಟ್ಟ ಕ್ಯೂರೇಟ್ ಆ ಸಾಲಿಗೆ ಬಂದು ತಡವರಿಸುತ್ತಾನೆ. ಊರು ಮುಂದೆ ಹೇಳಿಕೊಂಡು ಹೋಗುತ್ತದೆ. ಅವನು ತಡವರಿಸಿದ್ದು ಗೊತ್ತಾದದ್ದು ಅವಳೊಬ್ಬಳಿಗೇ.

ನನಗೆ ಕತ್ತಲಾಗುವಾಗ ಕಥೆಯಲ್ಲಿ ಮದುವೆ ಬಂತು, ಬೆಳಿಗ್ಗೆ ಹತ್ತಕ್ಕೆ, ಸರಿಯಾದ ಹೊತ್ತಿಗೆ. ಚರ್ಚಿನ ಪಕ್ಕದ ಕೋಣೆಯಾದ ವೆಸ್ಟ್ರಿಯಲ್ಲಿ ರಿಜಿಸ್ಟರ್ ತೆರೆದರು. ಅವಳು ತವರಿನ ಹೆಸರನ್ನು ಕೊನೆಯ ಸಲ ಬರೆದಳು. ಸಾಕ್ಷಿಗೆ ಬಂದಿದ್ದ ಬಟ್ಟೆ ಒಗೆಯುವ ಮುದುಕಿಗೆ ಅಕ್ಷರ ಬಾರದು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಕೆಳಗಿನ ಸಾಲಿನಲ್ಲಿ ಒಂದು ಕತ್ತರಿ ಗುರುತು ಹಾಕಿದಳು.